ಗುಂಗುರು ಕುದುರೆಗೆ ನಾವು ಮಾಡಿದ ಪರೀಕ್ಷೆ

ಮೊದಲ ಸಲ ಅದನ್ನು ನೋಡಿದಾಗ ಅದೊಂದು ಕುದುರೆ ಎಂದು ನಾನು ಒಪ್ಪಿಕೊಳ್ಳಲೇ ಇಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಟಾಂಗಾ ಕುದುರೆ, ಪೊಲೀಸ್ ಕುದುರೆ, ರೇಸಿನ ಕುದುರೆ ಎಲ್ಲವನ್ನೂ ಕಂಡಿದ್ದೇನೆ. ಒಂದರ ಮೈಮೇಲೂ ಕುರಿಯ ಹಾಗೆ ಉಣ್ಣೆ ಇರಲಿಲ್ಲ. ಇದಕ್ಕೆ ಕುತ್ತಿಗೆ, ಹೊಟ್ಟೆ, ತೊಡೆ, ಕಿವಿಯ ಒಳಗೆ, ಕೊನೆಗೆ ಕಣ್ಣಿನ ರೆಪ್ಪೆಗೂ ಗುಂಗುರು. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್ ದಾಟಿ ಒಂದಿಷ್ಟು ದೂರ ಹೋದರೆ ನಮ್ಮ ಪರಿಚಯದ ಅಂಕಲ್ ಒಬ್ಬರ ಜಮೀನಿದೆ. ಅಲ್ಲಿ ಚಳಿಗಾಲದ ಬಿಸಿಲಿಗೆ ಮೈಯೊಡ್ಡಿ ನಿಂತು ಅದು ನನ್ನನ್ನೇ ದಿಟ್ಟಿಸುತ್ತಿತ್ತು.

"ಇದು ಯಾವ ಪ್ರಾಣಿ ಅಂಕಲ್?" ಎಂದು ಕೇಳಿಯೇಬಿಟ್ಟೆ.

"ಕುದುರೆಯೇ ಮಾರಾಯ್ತಿ. ಈ ಜಾತಿಯೇ ಹೀಗೆ. ಚಳಿಗಾಲಕ್ಕೆ ಮೈಯೆಲ್ಲ ಗುಂಗುರು ಬರ್ತದೆ, ಬೇಸಿಗೆಗೆ ಉದುರಿ ಹೋಗ್ತದೆ," ಎಂದರು ಅಂಕಲ್. ಅವರು ಉಡುಪಿಯವರು, ರಾಕೆಟ್ಟಿನ ಲೆಕ್ಕಾಚಾರದಲ್ಲೇ ತಲೆ ನರೆಸಿಕೊಂಡು ರಿಟೈರ್ ಆದ ಎಂಜಿನಿಯರ್. ಅವರು ನಮ್ಮನ್ನು ಕರೆಸಿದ್ದು ಕುದುರೆಯ ಕೂದಲು ತೋರಿಸುವುದಕ್ಕಲ್ಲ. "ಇದರ ಹತ್ತಿರ ಹೋದರೆ ಅಲರ್ಜಿ ಇದ್ದವರಿಗೂ ಏನೂ ಆಗುದಿಲ್ಲ ಅಂತಾರೆ. ನಿಮ್ಮ ಮಗಳಿಗೆ ಅಂತಲೇ ಕರೆಸಿದ್ದು ನಾನು," ಎಂದರು.

ಆಗ ನನ್ನ ಮಗಳಿಗೆ ಒಂಬತ್ತು ವರ್ಷ. ಮಾತು ಬಂದ ದಿನದಿಂದ ಅವಳಿಗೆ ಕುದುರೆ ಎಂದರೆ ಪ್ರಾಣ, ಕುದುರೆ ಹತ್ತಿರ ಬಂದರೆ ಪ್ರಾಣಸಂಕಟ. ಡಲ್ಲಾಸಿನ ಪಕ್ಕದ ಮೆಕಿನ್ನಿಯಲ್ಲಿ ನಮ್ಮ ಮನೆಯ ಹತ್ತಿರದ ಲಾಯಕ್ಕೆ ಒಮ್ಮೆ ಕರೆದುಕೊಂಡು ಹೋಗಿದ್ದೆವು. ಕಣ್ಣು ಊದಿ, ಮೂಗು ಸೋರಿ, ಎದೆ ಸಿಳ್ಳೆ ಹೊಡೆಯತೊಡಗಿ ನೇರವಾಗಿ ಆಸ್ಪತ್ರೆಗೆ ಹೋಗಬೇಕಾಯಿತು. ಆಮೇಲೆ ನಾನು ಕಡ್ಡಿ ಮುರಿದ ಹಾಗೆ ಹೇಳಿದೆ: ಈ ಮನೆಯಲ್ಲಿ ಇನ್ನು ಕುದುರೆಯ ಮಾತು ಬೇಡ. ಆಪರೇಷನ್ ಥಿಯೇಟರಿನಲ್ಲಿ ಜನರಿಗೆ ಅರಿವಳಿಕೆ ಕೊಟ್ಟು ಅವರ ಉಸಿರು ಕಾಯುವ ಡಾಕ್ಟರು ನಾನು. ಉಸಿರಿನ ವಿಷಯದಲ್ಲಿ ನನ್ನ ಹತ್ತಿರ ಚೌಕಾಸಿ ನಡೆಯುವುದಿಲ್ಲ. ಶಾಲೆಯ ಗೆಳತಿಯರೆಲ್ಲ ರೈಡಿಂಗಿಗೆ ಹೋದರೆ ಇವಳು ಕಾರಿನ ಗಾಜು ಏರಿಸಿಕೊಂಡು ಬೇಲಿಯಾಚೆಯಿಂದ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಾಗಿತ್ತು.

ಅಂಕಲ್ ಹೇಳಿದ್ದನ್ನು ನಾನು ನಂಬಲಿಲ್ಲ. ಪರೀಕ್ಷೆ ಮಾಡೋಣ ಎಂದೆ. ಎಂಜಿನಿಯರಿಗೂ ಡಾಕ್ಟರಿಗೂ ಅದಕ್ಕಿಂತ ಪ್ರಿಯವಾದ ಮಾತು ಇನ್ನೇನಿದೆ? ಮಾರನೆಯ ದಿನ ಬೆಳಿಗ್ಗೆಯೇ ಶುರು ಮಾಡಿದೆವು. ಮೊದಲು ದೂರದಲ್ಲಿ ನಿಲ್ಲಿಸಿದೆವು, ಆಮೇಲೆ ಪಕ್ಕದಲ್ಲಿ. ಆಮೇಲೆ ಕೈಯಿಂದ ಸವರಿಸಿದೆವು. ಕೊನೆಗೆ ಮಗು ಆ ಹೆಣ್ಣು ಕುದುರೆಯ ಕುತ್ತಿಗೆಗೆ ಮುಖ ಒತ್ತಿ ನಿಂತಿತು. ಅಂಕಲ್ ಗಡಿಯಾರ ನೋಡುತ್ತಿದ್ದರು, ನಾನು ಸ್ಟೆತಾಸ್ಕೋಪು ಹಿಡಿದು ಬೆನ್ನಿಗೆ ಇಡುತ್ತಿದ್ದೆ. ಸೀನು ಇಲ್ಲ, ಸಿಳ್ಳೆ ಇಲ್ಲ, ಕಣ್ಣು ಕೆಂಪಾಗಲಿಲ್ಲ. ನನಗೆ ಆದ ಆಶ್ಚರ್ಯ ಅಷ್ಟಿಷ್ಟಲ್ಲ. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಮಗಳು ಮಾತ್ರ ಮುಖ ಎತ್ತಲೇ ಇಲ್ಲ, ಸಂಜೆಯವರೆಗೂ ಆ ಕುದುರೆಯ ಪಕ್ಕ ಬಿಟ್ಟು ಬರಲಿಲ್ಲ.

ವಿರೋಧ ಮಾಡಿದವರು ನನ್ನ ಅತ್ತೆ ಒಬ್ಬರೇ. ಅವರು ಧಾರವಾಡದವರು, ಮಾವ ಹೋದ ಮೇಲೆ ನಮ್ಮ ಜೊತೆಗೇ ಮೆಕಿನ್ನಿಯಲ್ಲಿದ್ದಾರೆ. ಅವರ ತವರಿನಲ್ಲಿ ಎತ್ತು ತಂದರೂ ಸುಳಿ ನೋಡಿ ತರುತ್ತಿದ್ದರಂತೆ. ಹಣೆಯಲ್ಲಿ ಇಂಥ ಕಡೆ ಸುಳಿ ಇದ್ದರೆ ಲಕ್ಷ್ಮಿ, ಬೆನ್ನಿನಲ್ಲಿ ಇಂಥ ಕಡೆ ಇದ್ದರೆ ಮನೆಹಾಳು. ನಾವು ಹೋದ ಮೊದಲ ದಿನವೇ ಕನ್ನಡಕ ಹಾಕಿಕೊಂಡು ಕುದುರೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಒಂದ ಸುಳಿ ಇದ್ರ ಒಳ್ಳೇದೋ ಕೆಟ್ಟದ್ದೋ ಅಂತ ಹೇಳಬಹುದು. ಇದಕ್ಕ ಮೈತುಂಬ ಸುಳಿನ ಅವ. ಎಲ್ಲಿಂದ ನೋಡ್ಲಿ ನಾ?" ಎಂದರು. "ಈ ಕುರಿ ಮ್ಯಾಲೆ ನನ್ನ ಮೊಮ್ಮಗಳನ್ನ ಹತ್ತಸಬ್ಯಾಡ್ರಿ."

ನಾವು ಕೇಳಲಿಲ್ಲ. ಅಲ್ಲಿಂದ ಮುಂದೆ ಏಳು ವರ್ಷ ನಮ್ಮ ವಾರಾಂತ್ಯಗಳೆಲ್ಲ ಆ ಕುದುರೆಯ ಪಾಲಾದವು. ಆಸ್ಪತ್ರೆಯ ಡ್ಯೂಟಿ ಇಲ್ಲದ ಶುಕ್ರವಾರ ಸಂಜೆ ಡಲ್ಲಾಸಿನ ಟ್ರಾಫಿಕ್ಕಿಗೆ ಶಾಪ ಹಾಕುತ್ತ ಹ್ಯೂಸ್ಟನ್ನಿಗೆ ಡ್ರೈವ್ ಮಾಡುವುದು, ಅಂಕಲ್ ಮನೆಯಲ್ಲಿ ಉಳಿಯುವುದು, ಶನಿವಾರವಿಡೀ ಕುದುರೆ. ಅತ್ತೆಯೂ ಬರುತ್ತಿದ್ದರು. "ನಾ ಕುದುರಿಗೆ ಬರೂದಿಲ್ಲ, ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿಗೆ ಬರ್ತೀನಿ," ಎನ್ನುತ್ತಿದ್ದರು. ಹ್ಯೂಸ್ಟನ್ನಿನ ಆ ಭಾರತೀಯ ಪೇಟೆಯಲ್ಲಿ ಜೋಳದ ಹಿಟ್ಟು, ಶೇಂಗಾ, ಸೀರೆಯ ಅಂಗಡಿ ಎಲ್ಲ ಒಂದೇ ಬೀದಿಯಲ್ಲಿವೆ. ಆದರೆ ಶನಿವಾರ ಬೆಳಿಗ್ಗೆ ಮಗಳು ಬೂಟು ಹಾಕಿಕೊಂಡು ಹೊರಟರೆ ಅಜ್ಜಿ ಅಡುಗೆಮನೆಯಿಂದ ಬಂದು ಬಾಯಿಗೆ ಒಂದು ಬೆಲ್ಲದುಂಡೆ ಹಾಕದೆ ಕಳಿಸುತ್ತಿರಲಿಲ್ಲ. ಹೊರಡುವಾಗ ಬಾಯಿ ಸಿಹಿ ಮಾಡುವುದು ಅವರ ಪದ್ಧತಿ. ಬೈದುಕೊಂಡೇ ಆಶೀರ್ವಾದ ಮಾಡುವ ಮುದುಕಿ ಎಂದು ನಾನೂ ನನ್ನ ಗಂಡನೂ ನಗುತ್ತಿದ್ದೆವು.

ಮಗಳು ಚೆನ್ನಾಗಿ ಕಲಿತಳು. ಈ ಕುದುರೆಯನ್ನು ಬೇರೆ ಕುದುರೆಗಳ ಹಾಗೆ ಬಾಚಬಾರದು, ಬಾಚಿದರೆ ಗುಂಗುರು ಬಿಚ್ಚಿ ಹತ್ತಿಯ ಹಾಗೆ ಕೆದರಿಕೊಳ್ಳುತ್ತದೆ. ನೀರು ಚಿಮುಕಿಸಿ ಬೆರಳಿನಲ್ಲೇ ಎಳೆ ಎಳೆ ಬಿಡಿಸಬೇಕು. ಅವಳು ಗಂಟೆಗಟ್ಟಲೆ ಅದನ್ನು ಮಾಡುತ್ತಿದ್ದಳು. ತನ್ನ ತಲೆಗೆ ಎಣ್ಣೆ ಹಾಕಿಸಿಕೊಳ್ಳಲು ಮಾತ್ರ ಅವಳಿಗೆ ಪುರುಸೊತ್ತಿರಲಿಲ್ಲ. ಕುದುರೆ ಸವಾರಿಯ ಸಣ್ಣಪುಟ್ಟ ಶೋಗಳಿಗೆ ಹೋದೆವು, ಬಹುಮಾನದ ರಿಬ್ಬನ್ನುಗಳು ಬಂದವು. ಜಡ್ಜ್‌ಗಳು ಹೊಗಳುತ್ತಿದ್ದುದು ಅವಳ ಸಮಾಧಾನವನ್ನು. ಇಷ್ಟು ಚಿಕ್ಕ ಹುಡುಗಿ, ಎಷ್ಟು ಶಾಂತವಾಗಿ ಕೂತಿದ್ದಾಳೆ ಎನ್ನುತ್ತಿದ್ದರು. ವಾಪಸ್ಸು ಬರುವಾಗ ಕಾರಿನಲ್ಲಿ ಸತ್ತ ಹಾಗೆ ಮಲಗುತ್ತಿದ್ದಳು. ಪಾಪ, ದಣಿವು ಎಂದುಕೊಳ್ಳುತ್ತಿದ್ದೆ.

ನನಗಂತೂ ಹೆಮ್ಮೆ ನೆತ್ತಿಗೇರಿತ್ತು. ಕನ್ನಡದವರು ನಾಲ್ಕು ಜನ ಸೇರಿದ ಕಡೆಯೆಲ್ಲ ಈ ಕುದುರೆಯ ಪುರಾಣ ಬಿಚ್ಚುತ್ತಿದ್ದೆ. ನಾವು ಪರೀಕ್ಷೆ ಮಾಡಿ ನೋಡಿದ್ದೇವೆ ಎಂದು ಒತ್ತಿ ಹೇಳುತ್ತಿದ್ದೆ. ನನ್ನ ಮಾತು ಕೇಳಿ ಆಸ್ಟಿನ್ನಿನ ಗೆಳತಿಯೊಬ್ಬಳು ತನ್ನ ಸೀನುವ ಮಕ್ಕಳಿಬ್ಬರನ್ನೂ ಇಂಥ ಕುದುರೆಯ ಮೇಲೆ ಕೂರಿಸಿದಳು. ಅವರಿಗೆ ಏನೂ ಆಗಲಿಲ್ಲ, ನನ್ನ ಪುರಾಣಕ್ಕೆ ಇನ್ನೊಂದು ಅಧ್ಯಾಯ ಸೇರಿತು.

ಕಳೆದ ಸಂಕ್ರಾಂತಿಯ ಹಿಂದಿನ ವಾರ ಆಸ್ಟಿನ್ನಿನ ಹೊರಗೆ ಒಂದು ಶೋ ಇತ್ತು. ಬರೀ ಗುಂಗುರು ಕುದುರೆಗಳದ್ದು. ಚಳಿಗಾಲದಲ್ಲೇ ಅವುಗಳ ಮೈ ನೋಡಬೇಕು, ಅದಕ್ಕೇ ಆಗ ಇಟ್ಟಿದ್ದರು. ಅಂಕಲ್ ಟ್ರೇಲರಿನಲ್ಲಿ ಕುದುರೆಯನ್ನು ಹ್ಯೂಸ್ಟನ್ನಿನಿಂದ ನೇರವಾಗಿ ತರುವುದು, ನಾವು ಮೆಕಿನ್ನಿಯಿಂದ ಹೋಗಿ ಹೋಟೆಲಿನಲ್ಲಿ ಉಳಿಯುವುದು ಎಂದಾಯಿತು. ಅತ್ತೆ ಬರಲಿಲ್ಲ. ಕುಸುರೆಳ್ಳು ಮಾಡಲು ಕೂತಿದ್ದರು, ಅದನ್ನು ಅರ್ಧಕ್ಕೆ ಬಿಟ್ಟು ಏಳುವ ಹಾಗಿಲ್ಲ. ಹೊರಡುವಾಗ ನನ್ನ ಗಂಡನ ಕೈಗೆ ಒಂದು ಚಿಕ್ಕ ಪೊಟ್ಟಣ ಕೊಟ್ಟು, "ನಾಳೆ ಮುಂಜಾನೆ ಅಕಿಗೆ ಕೊಡು, ಮರೀಬ್ಯಾಡ," ಎಂದರು. ಇವರು ಹೂಂ ಎಂದು ಜೇಬಿಗೆ ಹಾಕಿಕೊಂಡರು.

ಶನಿವಾರ ಬೆಳಿಗ್ಗೆ ಹೋಟೆಲಿನಲ್ಲಿ ಮಗಳು ಬೂಟಿನ ಲೇಸು ಕಟ್ಟುತ್ತ, "ಅಪ್ಪಾ, ಅಜ್ಜಿ ಕೊಟ್ಟ ಬೆಲ್ಲ ಎಲ್ಲಿ?" ಎಂದು ಇಂಗ್ಲಿಷಿನಲ್ಲೇ ಕೇಳಿದಳು.

"ಅಯ್ಯ, ಅದನ್ನ ನಾ ಕಾಫಿ ಜೋಡಿ ತಿಂದೆನಲ್ಲ," ಎಂದರು ನನ್ನ ಗಂಡ. "ಸ್ವಲ್ಪ ಕಹಿ ಇತ್ತು ನೋಡು. ಹಳೇ ಬೆಲ್ಲ ಇರಬೇಕು."

ಮಗಳ ಮುಖ ಬಿಳಿಚಿಕೊಂಡಿತು. ನಾನು ನಕ್ಕುಬಿಟ್ಟೆ. "ಹದಿನಾರು ವರ್ಷ ಆಯ್ತು, ಬೆಲ್ಲಕ್ಕೆ ಮುಖ ಊದಿಸ್ಕೋತೀಯಲ್ಲೇ. ಕೆಳಗೆ ಡೋನಟ್ ಇದೆ, ತಿನ್ನು ನಡಿ," ಎಂದೆ. ಅವಳು ನಗಲಿಲ್ಲ. ಕಾರಿನಲ್ಲಿ, ದಾರಿಯಲ್ಲಿ ಯಾವುದಾದರೂ ಫಾರ್ಮಸಿಯಲ್ಲಿ ನಿಲ್ಲಿಸಬಹುದಾ ಎಂದು ಕೇಳಿದಳು. ಯಾಕೆ, ಏನು ಬೇಕು ಎಂದೆ. ಏನಿಲ್ಲ ಎಂದಳು. ಹೆಣ್ಣುಮಕ್ಕಳ ವಿಷಯ ಇರಬೇಕು ಎಂದುಕೊಂಡು, "ಅದೆಲ್ಲ ನನ್ನ ಬ್ಯಾಗಿನಲ್ಲಿದೆ ಕಣೇ, ಹೊತ್ತಾಗಿದೆ," ಎಂದು ಮುಂದೆ ಹೋದೆ. ಅವಳು ಮತ್ತೆ ಕೇಳಲಿಲ್ಲ.

ಶೋ ನಡೆಯುವ ಅರೀನಾದ ಮೆಟ್ಟಿಲುಗಳ ಮೇಲೆ ನಮ್ಮದೇ ಒಂದು ಸಾಲು. ಆಸ್ಟಿನ್ನಿನ ಗೆಳತಿ ಡಬ್ಬಿಗಳಲ್ಲಿ ಪುಳಿಯೋಗರೆ, ಮೊಸರನ್ನ ತಂದಿದ್ದಳು. ಡಲ್ಲಾಸಿನಿಂದಲೂ ಒಂದು ಸಂಸಾರ ಬಂದಿತ್ತು. ನನ್ನ ಗಂಡ ಕೂತಲ್ಲೇ ತೂಕಡಿಸುತ್ತಿದ್ದರು. ಒಮ್ಮೆ ತಿವಿದೆ, ಇನ್ನೊಮ್ಮೆ ತಿವಿದೆ. ಮಗಳ ಸರದಿ ಬಂದಾಗಲೂ ಗೊರಕೆ. ಈ ಮನುಷ್ಯನಿಗೆ ಮನೆಗೆ ಹೋದ ಮೇಲೆ ಇದೆ ಎಂದು ಹಲ್ಲು ಕಡಿದುಕೊಂಡು ಅರೀನಾದ ಕಡೆ ತಿರುಗಿದೆ.

ನಡಿಗೆ ಚೆನ್ನಾಗಿಯೇ ಆಯಿತು. ಕುದುರೆಯನ್ನು ಸಣ್ಣಗೆ ಓಡಿಸುವ ಟ್ರಾಟ್ ಶುರುವಾದಾಗ ಅವಳು ಎಂದಿನ ಹಾಗೆ ನೆಟ್ಟಗೆ ಕೂತಿಲ್ಲ ಎಂದು ಕಂಡಿತು. ಭುಜ ಮೇಲಕ್ಕೆ ಬಂದಿತ್ತು. ಎರಡನೆಯ ಸುತ್ತಿನ ನಡುವೆ ಕುದುರೆ ತಾನಾಗಿಯೇ ನಿಂತಿತು. ಮಗಳು ಮುಂದಕ್ಕೆ ಬಾಗಿ ಅದರ ಕುತ್ತಿಗೆಯನ್ನು ತಬ್ಬಿಕೊಂಡಳು. ಜನ ಎಷ್ಟು ಮುದ್ದು ಎಂದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಅವಳ ಒಂದು ಕೈ ಜಾರಿ ಕೆಳಗೆ ನೇತಾಡಿತು. ಬೇಲಿ ಹೇಗೆ ಹಾರಿದೆನೋ ಇವತ್ತಿಗೂ ತಿಳಿಯದು. ಸೊಂಟ ನೋವಿನ ಹೆಂಗಸು ನಾನು.

ಅವಳ ತುಟಿ ನೀಲಿಗಟ್ಟಿತ್ತು. ಪ್ರತಿ ಉಸಿರಿಗೂ ಕೊರಳಿನ ಗುಳಿ ಒಳಕ್ಕೆ ಎಳೆಯುತ್ತಿತ್ತು. ಎಂಥೆಂಥ ಉಸಿರುಗಳನ್ನೋ ನೋಡಿದವಳು ನಾನು, ನನ್ನ ಕೈಕಾಲು ಆಡಲಿಲ್ಲ. ಅಂಕಲ್ ಮತ್ತು ಜಡ್ಜ್ ಸೇರಿ ಅವಳನ್ನು ಇಳಿಸಿದರು. ಬ್ಯಾಗಿನಲ್ಲಿ ಇನ್ಹೇಲರ್ ಇತ್ತು, ಹಾಕಿದೆ, ಮತ್ತೆ ಹಾಕಿದೆ, ಸಾಲಲಿಲ್ಲ. ಆಂಬುಲೆನ್ಸ್ ಬಂತು. ಕುದುರೆ ಜೀನು ಹೊತ್ತುಕೊಂಡೇ ಅರೀನಾದ ನಡುವೆ ನಿಂತಿತ್ತು, ಅದನ್ನು ಒಳಗೆ ಕರೆದೊಯ್ಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಎಮರ್ಜೆನ್ಸಿಯಲ್ಲಿ ಮಾಸ್ಕ್ ಹಾಕಿ ಔಷಧಿ ಕೊಟ್ಟ ಮೇಲೆ ತುಟಿಗೆ ಬಣ್ಣ ಬಂತು. ಆಗ ನನಗೂ ಮಾತು ಬಂತು.

"ಸೀಡರ್ ಕಾರಣ," ಎಂದೆ. ಆಸ್ಟಿನ್ನಿನಲ್ಲಿ ಜನವರಿಯೆಂದರೆ ಸೀಡರ್ ಮರದ ಪರಾಗ. ಊರಿಗೆ ಊರೇ ಕಣ್ಣು ಉಜ್ಜಿಕೊಳ್ಳುತ್ತಿರುತ್ತದೆ. "ಹೌದೌದು, ಸೀಡರೇ," ಎಂದರು ಹಿಂದಿನಿಂದ ಬಂದ ಅಂಕಲ್. "ನಮ್ಮ ಕುದುರೆಯಿಂದ ಹಾಗೆಲ್ಲ ಆಗುದಿಲ್ಲ. ಪರೀಕ್ಷೆ ಮಾಡಿದ್ದೇವಲ್ಲ."

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಇವತ್ತು ಬೆಳಿಗ್ಗೆ ಇವಳು ಏನಾದರೂ ಮಾತ್ರೆ ತೆಗೆದುಕೊಂಡಿದ್ದಳಾ ಎಂದು ಕೇಳಿದಳು. ಏನೂ ಇಲ್ಲ ಎಂದೆ. ದಿನಾ ತೆಗೆದುಕೊಳ್ಳುವುದು ಏನಾದರೂ ಇದೆಯಾ? ಏನೂ ಇಲ್ಲ, ನಾನೂ ಡಾಕ್ಟರೇ ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ಮಗಳು ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ನನ್ನ ಗಂಡನ ಗೊರಕೆ ಕೇಳಿಸಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ಭುಜ ಹಿಡಿದು ಅಲ್ಲಾಡಿಸಿದೆ. "ಏನ್ರೀ ಇದು, ಮಗಳು ಅಲ್ಲಿ ಉಸಿರಿಗೆ ಒದ್ದಾಡ್ತಾ ಇದ್ದಾಳೆ, ನಿಮಗೆ ನಿದ್ದೆ ಹೇಗೆ ಬರತ್ತೆ?"

ಅವರ ಕಣ್ಣಲ್ಲಿ ನೀರು ತುಂಬಿತ್ತು. "ಕಣ್ಣು ತೆಗೀಲಿಕ್ಕೇ ಆಗವಲ್ದು. ಬಾಯಿ ಒಣಗ್ಯದ. ಏನಾಗ್ಯದ ಗೊತ್ತಿಲ್ಲ ನನಗ," ಎಂದರು.

ಡಾಕ್ಟರು ಅವರ ಕಡೆ ತಿರುಗಿ ನೋಡಿದಳು. ನಿದ್ದೆ, ಒಣಗಿದ ಬಾಯಿ. ನೀವೇನು ತೆಗೆದುಕೊಂಡಿರಿ ಎಂದು ಕೇಳಿದಳು. ಕಾಫಿ ಎಂದರು, ಆಮೇಲೆ ಬೆಲ್ಲ ಎಂದರು. ಕಹಿ ಇತ್ತು ಎಂದು ಬೆಳಿಗ್ಗೆ ಅವರು ಹೇಳಿದ್ದು ನನಗೆ ನೆನಪಾಯಿತು. ಅಲ್ಲೇ ನಿಂತು ಮನೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಅತ್ತೆ, ನಿನ್ನೆ ಇವರ ಕೈಯಲ್ಲಿ ಬೆಲ್ಲ ಕೊಟ್ಟಿರಲ್ಲ, ಅದರಲ್ಲಿ ಏನಿತ್ತು?"

"ಯಾಲಕ್ಕಿ."

"ಮತ್ತೆ?"

"ಗುಳಿಗಿ."

"ಯಾವ ಗುಳಿಗೆ?"

"ಸೀನಿಂದು, ನಗಡೀದು. ಧಾರವಾಡದಿಂದ ತರಸ್ತೀನಲ್ಲ, ಅದ. ಅಕಿ ಕುದುರಿ ಹತ್ರ ಹೋಗೂ ದಿನ ಒಂದು ಗುಳಿಗಿ ಕುಟ್ಟಿ ಬೆಲ್ಲದಾಗ ಕಲಸಿ ಕೊಡ್ತೀನಿ. ಹಂಗ ಕೊಟ್ರ ನುಂಗೂದಿಲ್ಲ ಅಕಿ."

"ಯಾವಾಗಿನಿಂದ ಅತ್ತೆ?"

"ಮೊದಲನೇ ದಿನದಿಂದ. ಆ ಅಂಕಲ್ ಮನಿಯೊಳಗ ನೀವೇನೋ ಪರೀಕ್ಷಾ ಮಾಡಿದ್ರಲ್ಲ, ಅವತ್ತ ಮುಂಜಾನೆ ಮೊದಲ ಕೊಟ್ಟದ್ದು. ಅಷ್ಟು ಸುಳಿ ಇದ್ದ ಕುದುರಿ, ಏನರ ಆಗ್ತದ ಅಂತ ಹೆದರಿಕಿ ನನಗ. ಯಾಕ, ಏನಾತು?"

ಗಡಿಯಾರ, ಸ್ಟೆತಾಸ್ಕೋಪು, ಏಳು ವರ್ಷ. ಡಲ್ಲಾಸಿನಿಂದ ಹ್ಯೂಸ್ಟನ್ನಿನವರೆಗೆ ನಾನು ಮಾಡಿದ ಭಾಷಣಗಳು. ಮಗಳ ಉಸಿರು ಕಾದದ್ದು ಆ ಕುದುರೆಯ ಜಾತಿಯಲ್ಲ, ಬೆಲ್ಲದುಂಡೆ. ಜಡ್ಜ್‌ಗಳು ಹೊಗಳಿದ್ದು ಸಮಾಧಾನವಲ್ಲ, ಗುಳಿಗೆಯ ತೂಕಡಿಕೆ. ಆಸ್ಟಿನ್ನಿನ ಗೆಳತಿಯ ಮಕ್ಕಳು ಸೀನುತ್ತಿದ್ದುದು ಕುದುರೆಗಲ್ಲ, ಸೀಡರಿಗಿರಬೇಕು. ಅಂಕಲ್ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಕುರ್ಚಿಯಲ್ಲಿ ಕೂತರು. "ಪರೀಕ್ಷೆಯೇ ತಪ್ಪು ಹಾಗಾದರೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

"ನನಗೆ ಯಾಕೆ ಹೇಳಲಿಲ್ಲ ನೀವು?" ಎಂದೆ.

"ನೀನ ಅಂದಿದ್ದ್ಯಲ್ಲ, ನಿಮ್ಮ ಔಷಧ ಈ ಮನಿಯೊಳಗ ಬ್ಯಾಡ ಅಂತ. ಹಿತ್ತಲ ಗಿಡ ಮದ್ದಲ್ಲ. ಜಗಳ ಯಾಕಂತ ಬೆಲ್ಲದಾಗ ಹಾಕಿದೆ. ನೀ ಡಾಕ್ಟರ್ ಇದ್ದೀ, ಮಗಳ ಕಣ್ಣು ನೋಡಿದ್ರ ನಿನಗ ಗೊತ್ತಾಗ್ತದ ಅಂದಕೊಂಡೆ," ಎಂದರು ಅತ್ತೆ. ಆಮೇಲೆ ಮಗುವಿಗೆ ಏನಾಯಿತು ಎಂದು ಅಳಲು ಶುರು ಮಾಡಿದರು. ನನ್ನ ಗಂಡ ಫೋನ್ ತೆಗೆದುಕೊಂಡು, ಏನೂ ಆಗಿಲ್ಲ ಅವ್ವ, ಆರಾಮ ಆಗ್ಯಾಳ ಎಂದು ಸಮಾಧಾನ ಮಾಡಿದರು.

ಮಗಳು ಮಾಸ್ಕನ್ನು ಗದ್ದಕ್ಕೆ ಇಳಿಸಿದಳು. "ಐ ನ್ಯೂ, ಅಮ್ಮ," ಎಂದಳು.

"ಏನು ಗೊತ್ತಿತ್ತು?"

ಉಸಿರಿನ ನಡುವೆ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದಳು. ಹನ್ನೊಂದು ವರ್ಷದವಳಿದ್ದಾಗ ಅಜ್ಜಿ ಗುಳಿಗೆ ಕುಟ್ಟುವುದನ್ನು ನೋಡಿದ್ದಳಂತೆ. ಮೊದಲು ನನಗೂ ಗೊತ್ತಿದೆ ಎಂದುಕೊಂಡಿದ್ದಳಂತೆ. ಒಂದು ದಿನ ನಾನು ಯಾರಿಗೋ ಪರೀಕ್ಷೆಯ ಕಥೆ ಹೇಳುವುದನ್ನು ಕೇಳಿ, ನನಗೆ ಗೊತ್ತಿಲ್ಲ ಎಂದು ತಿಳಿಯಿತಂತೆ. ಆವತ್ತಿನಿಂದ ಬಾಯಿ ಬಿಡಲಿಲ್ಲ. ಇವತ್ತು ಅಪ್ಪ ಬೆಲ್ಲ ತಿಂದರು ಎಂದಾಗಲೇ ಏನಾಗಬಹುದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಫಾರ್ಮಸಿ ಕೇಳಿದ್ದು. ಯಾಕೆ ಎಂದು ನಾನು ಕೇಳಿದ್ದಕ್ಕೆ ಸುಮ್ಮನಾದದ್ದು.

ಇಷ್ಟು ಹೊತ್ತು ಆಗಿದ್ದೆಲ್ಲ ಇದರ ಮುಂದೆ ಏನೂ ಅಲ್ಲ ಎನಿಸಿತು. "ಗೊತ್ತಿದ್ದೂ ಹತ್ತಿದೆಯಾ?" ಎಂದೆ. "ಉಸಿರು ನಿಂತುಹೋಗಿದ್ರೆ ಏನು ಗತಿಯಾಗಿರೋದೇ? ನನಗೆ ಒಂದೇ ಒಂದು ಮಾತು ಹೇಳಬಾರದಾಗಿತ್ತಾ? ನಾನೇನು ಹುಲಿಯೇನೇ?"

ಅವಳು ನನ್ನನ್ನೇ ನೋಡಿದಳು. ಕೋಪ ಇರಲಿಲ್ಲ, ದೂರು ಇರಲಿಲ್ಲ. ಹೇಳಿದ್ದರೆ ನೀನು ಕುದುರೆ ಹತ್ತಲು ಬಿಡುತ್ತಿದ್ದೆಯಾ ಎಂದು ಕೇಳಿದಳು. ಇವತ್ತಿನ ಮಾತಲ್ಲ, ಒಂಬತ್ತು ವರ್ಷದವಳಿದ್ದಾಗ. ಹನ್ನೊಂದರಲ್ಲಿ. ಹೋದ ವರ್ಷ. ಯಾವಾಗಲಾದರೂ.

ಬಿಡುತ್ತಿದ್ದೆ ಕಣೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವಳು ಕಾಯುತ್ತಿದ್ದಳು. ಅಂಕಲ್ ನೆಲ ನೋಡುತ್ತಿದ್ದರು. ನನ್ನ ಗಂಡ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

"ಇಲ್ಲ," ಎಂದೆ.

ಅವಳು ತಲೆಯಾಡಿಸಿದಳು. ಮಾಸ್ಕನ್ನು ತಾನೇ ಮೂಗಿಗೆ ಎಳೆದುಕೊಂಡು ಉಸಿರಾಡತೊಡಗಿದಳು.